ನಾಲ್ಕು ನಿಮಿಷ ಮುಂಚೆ ಹೊರಟ ಬಸ್ಸು

ಒಬ್ಬ ಹುಡುಗಿ ಹತ್ತು ನಿಮಿಷದಲ್ಲಿ ಎಷ್ಟು ಸಲ ನಕ್ಕಳು ಅಂತ ಯಾರಾದರೂ ಲೆಕ್ಕ ಇಡುತ್ತಾರಾ? ರವೀಶ್ ಇಡುತ್ತಿದ್ದ. ಸೋಮವಾರ ಐದು, ಮಂಗಳವಾರ ಏಳು. ಬುಧವಾರ ಒಂಬತ್ತಾದಾಗ ಅವನ ಕೈಯಲ್ಲಿದ್ದ ಪೆನ್ನಿನ ಕ್ಯಾಪ್ ಮುರಿದೇಹೋಯಿತು.

ನಕ್ಕವಳು ಶ್ರಾವ್ಯಾ. ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಪಾರ್ಸೆಲ್ ಕೌಂಟರ್ ಅವಳದ್ದು. ನಗಿಸಿದವನು ನಿಶಾಂತ್, ಸಾಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ಆ ಬಸ್ಸು ಹತ್ತು ನಲವತ್ತಕ್ಕೆ ಬಂದು ಹತ್ತು ಐವತ್ತಕ್ಕೆ ಹೊರಡುತ್ತದೆ. ನಡುವೆ ಡ್ರೈವರ್ ಟೀ ಕುಡಿಯುತ್ತಾನೆ, ನಿಶಾಂತ್ ಕೌಂಟರಿಗೆ ಮೊಣಕೈ ಊರುತ್ತಾನೆ. ಆ ಹತ್ತು ನಿಮಿಷ ಕೊಟ್ಟವನು ಬೇರೆ ಯಾರೂ ಅಲ್ಲ, ಟೈಮ್ ಕೀಪರ್ ರವೀಶನೇ. ಎಂಥ ಕರ್ಮ ನೋಡಿ!

ರವೀಶನಿಗೆ ಆಸ್ಪರ್ಜರ್ಸ್ ಎಂಬ ಒಂದು ಬಗೆಯ ಆಟಿಸಂ ಇದೆ ಅಂತ ಶಿವಮೊಗ್ಗದ ಡಾಕ್ಟರೊಬ್ಬರು ಹೇಳಿದ್ದು ಅವನ ಇಪ್ಪತ್ತೇಳನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಊರು ಕೊಟ್ಟ ಹೆಸರುಗಳೇ ಬೇರೆ: ಸೊಕ್ಕಿನವನು, ಮುಖ ಕೊಟ್ಟು ಮಾತಾಡದವನು, ಅರೆಹುಚ್ಚ. ಬಟ್ಟೆ ಅಂಗಡಿಯಲ್ಲಿದ್ದಾಗ ಗಿರಾಕಿ "ಈ ಶರ್ಟ್ ನಂಗೆ ಒಪ್ಪುತ್ತಾ?" ಅಂತ ಕೇಳಿದರೆ "ಇಲ್ಲ" ಅಂದುಬಿಡುತ್ತಿದ್ದ. ಕೆಲಸ ಉಳಿಯುವುದು ಹೇಗೆ? ಕೊನೆಗೆ ಬಸ್ ಮಾಲೀಕ ಗಣೇಶಮೂರ್ತಿ, ಮೂರು ತಾಲೂಕಿನ ಬಸ್ಸುಗಳ ಟೈಮೆಲ್ಲ ಇವನ ತಲೆಯಲ್ಲಿರುವುದನ್ನು ಕಂಡು ಕರೆದು ಕೂರಿಸಿದರು. ಊರಿನ ಹೆಸರು ಕೂಗುವ ಕೆಲಸ ಏಜೆಂಟ್ ಭೂತಪ್ಪನಿಗೆ, ವಾಚು ಮತ್ತು ವಿಸಿಲ್ ರವೀಶನಿಗೆ. ಅಲ್ಲಿಂದೀಚೆಗೆ ಒಂದು ಬಸ್ಸೂ ಅರ್ಧ ನಿಮಿಷ ಹಿಂದೆಮುಂದೆ ಆಗಿರಲಿಲ್ಲ.

ಶ್ರಾವ್ಯಾ ಬಂದಿದ್ದು ಎರಡು ವರ್ಷದ ಹಿಂದೆ. ಹಾರ್ನ್ ಹೊಡೆದಾಗಲೆಲ್ಲ ಅವನ ಹೆಗಲು ಕುಗ್ಗುವುದನ್ನು ಮೊದಲ ವಾರವೇ ಕಂಡು, ಅವನ ಟೇಬಲ್ಲನ್ನು ತನ್ನ ಕೌಂಟರಿನ ಗೋಡೆಯ ಮರೆಗೆ ಎಳೆಸಿದಳು. ತಮಾಷೆ ಮಾಡುವ ಮೊದಲು ಬೆರಳೆತ್ತಿ, "ರವೀಶ್, ಇದು ತಮಾಷೆ. ನಗಬಹುದು," ಅನ್ನುತ್ತಿದ್ದಳು. ಅವನು ನಗುತ್ತಿದ್ದ, ಸ್ವಲ್ಪ ತಡವಾಗಿ.

ಅವಳ ಕಣ್ಣನ್ನು ನೋಡಲಾಗದೆ ಅವನು ಅವಳ ಬಲಗಿವಿಯ ಓಲೆ ನೋಡುತ್ತಿದ್ದ. ಓಲೆಯಲ್ಲೊಂದು ಪುಟ್ಟ ಹಸಿರು ಕಲ್ಲು, ಪಕ್ಕದಲ್ಲಿ ಜಡೆಯಿಂದ ತಪ್ಪಿಸಿಕೊಂಡ ಒಂದೆಳೆ ಕೂದಲು.

"ಅಲ್ಲಿ ಎಂಥ ಇದೆ ಮಾರಾಯ್ರೇ, ಅಷ್ಟು ನೋಡಕ್ಕೆ?" ಅಂತ ಅವಳು ಕೆಣಕಿದರೆ ಅವನಿಗೆ ರಿಜಿಸ್ಟರಿನ ಗೆರೆಗಳೇ ಕಾಣುತ್ತಿರಲಿಲ್ಲ.

ಆದರೆ ನಿಶಾಂತನಿಗೆ ಬೆರಳೆತ್ತಿ ಹೇಳುವ ಕಷ್ಟವೇ ಇರಲಿಲ್ಲ. ಅವನು ಬಾಯಿ ತೆರೆದರೆ ಸಾಕು, ಅವಳು ನಗುತ್ತಿದ್ದಳು. ಆ ನಗು ಕೇಳಿದರೆ ರವೀಶನಿಗೆ ಮೈಯೆಲ್ಲ ಹುರಿದಂತಾಗುತ್ತಿತ್ತು.

"ಭೂತಪ್ಪಣ್ಣ, ನಂಗೆ ಜ್ವರ ಇದೆಯಾ ನೋಡಿ. ದಿನಾ ಹತ್ತು ನಲವತ್ತಕ್ಕೆ ಕಿವಿ ಬಿಸಿ ಆಗುತ್ತೆ, ಎದೆ ಬಡ್ಕೊಳ್ಳುತ್ತೆ. ಹತ್ತು ಐವತ್ತೊಂದಕ್ಕೆ ಸರಿ ಹೋಗುತ್ತೆ."

ಭೂತಪ್ಪ ಹಣೆ ಮುಟ್ಟುವ ಗೋಜಿಗೂ ಹೋಗಲಿಲ್ಲ. "ಜ್ವರನೂ ಇಲ್ಲ ಗಿರನೂ ಇಲ್ಲ. ಆ ನಿಶಾಂತನ್ನ ಕಂಡ್ರೆ ಹೊಟ್ಟೆಕಿಚ್ಚು ಕಣೋ ಮಾರಾಯ!"

"ನಂಗಾ?"

"ಮತ್ತೆ, ನಂಗಾ?"

ರವೀಶ್ ಕೂತು ಯೋಚಿಸಿದ. ನಿಶಾಂತನ ಬಸ್ಸಿಗೆ ದಾರಿಯಲ್ಲಿ ಆರೂ ಟಯರ್ ಪಂಕ್ಚರ್ ಆದರೆ ಹೇಗೆ ಅಂತ ಕಲ್ಪಿಸಿಕೊಂಡ. ಹಿತವಾಯಿತು. ಹೌದು, ಇದು ಹೊಟ್ಟೆಕಿಚ್ಚೇ.

ಗುರುವಾರ ಗೋಡೆಯ ಆಚೆಯಿಂದ ನಿಶಾಂತನ ದನಿ ಕೇಳಿತು. "ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ತೀನಿ, ಹೆಣ್ಣು ಕೇಳಕ್ಕೆ. ನಿಮ್ಮಪ್ಪಂಗೆ ಫೋನ್ ಮಾಡಾಯ್ತು."

ಅವಳು ನಕ್ಕಳು. ಗಂಟೆ ಹತ್ತು ನಲವತ್ತಾರು.

ವಿಸಿಲ್ ಬಾಯಿಗೆ ಹೋಗಿದ್ದು ರವೀಶನಿಗೇ ತಿಳಿಯಲಿಲ್ಲ. ಉಸಿರಿದ್ದಷ್ಟೂ ಊದಿದ. ಅವನ ವಿಸಿಲ್ ಮೇಲೆ ಎಲ್ಲರಿಗೂ ಎಂಥ ನಂಬಿಕೆಯೆಂದರೆ, ಡ್ರೈವರ್ ತನ್ನ ವಾಚೇ ಹಿಂದಿದೆ ಅಂದುಕೊಂಡು ಟೀ ಬಿಟ್ಟು ಓಡಿದ. ನಿಶಾಂತ್ ಚಲಿಸುವ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋದ.

ಬಸ್ಸು ತಪ್ಪಿ ಸ್ಟ್ಯಾಂಡಿನಲ್ಲಿ ಐದು ಜನ ಉಳಿದರು. ಅವರಲ್ಲೊಬ್ಬರು ಮಾಸ್ತಮ್ಮ, ತೀರ್ಥಹಳ್ಳಿಗೆ ಕಣ್ಣಿನ ಆಪರೇಷನ್ನಿಗೆ ಹೊರಟ ಅಜ್ಜಿ. ಮಾತ್ರೆ ನುಂಗಲು ನೀರು ತರಲು ಹೋಗಿದ್ದರು. "ಹತ್ತು ಐವತ್ತು ಅಂತ ನೀನೇ ಹೇಳಿದ್ದಲ್ಲ ಮಗಾ?" ಅಂದರು. ರವೀಶನಿಗೆ ನೆಲ ಬಿರಿಯಬಾರದೇ ಅನ್ನಿಸಿತು.

ಸುದ್ದಿ ಮುಟ್ಟಿ ಗಣೇಶಮೂರ್ತಿ ಬಂದರು. ಅಜ್ಜಿಯನ್ನು ಮೊದಲು ತಮ್ಮ ಕಾರಿನಲ್ಲಿ ಕಳಿಸಿದರು. ಆಮೇಲೆ ಉಳಿದವರೆಲ್ಲರ ಎದುರೇ ಕೇಳಿದರು, "ವಾಚ್ ಕೆಟ್ಟಿತ್ತೇನೋ?"

ಹಿಂದೆ ನಿಂತ ಭೂತಪ್ಪ, ಹೌದು ಅನ್ನು ಅಂತ ತಲೆ ಆಡಿಸಿಯೇ ಆಡಿಸಿದ.

"ಇಲ್ಲ ಸಾರ್. ಸರಿ ಇತ್ತು."

"ಮತ್ತೆ ಯಾಕೆ ಊದಿದೆ?"

"ನಿಶಾಂತ್ ಮಾತಾಡಿದ್ರೆ ಶ್ರಾವ್ಯಾ ನಗ್ತಾರೆ. ಅದು ನಿಲ್ಲಬೇಕಿತ್ತು. ನಂಗೆ ಹೊಟ್ಟೆಕಿಚ್ಚು ಸಾರ್. ಶ್ರಾವ್ಯಾ ಅಂದ್ರೆ ನಂಗೆ ತುಂಬಾ ಇಷ್ಟ, ಎರಡು ವರ್ಷದಿಂದ. ಅಜ್ಜಿಗೆ ಬಸ್ಸು ತಪ್ಪಿದ್ದು ನನ್ನಿಂದ. ಕೆಲಸದಿಂದ ತೆಗೀತೀರಾ?"

ಗಣೇಶಮೂರ್ತಿ ಕನ್ನಡಕ ತೆಗೆದು ಒರೆಸಿದರು. "ಆ ಅಜ್ಜಿ ಮನೆಗೆ ಹೋಗಿ ಕಾಲು ಹಿಡಿ. ಇನ್ನೊಂದು ಸಲ ಹೀಗಾದ್ರೆ ವಿಸಿಲ್ ಕಿತ್ಕೊಳ್ತೀನಿ," ಅಂದವರು ಬೇಗ ಬೇಗ ಹೊರಟರು. ನಗು ತಡೆಯಲು ಅವರಿಗೆ ಆಗುತ್ತಿರಲಿಲ್ಲ.

ಶ್ರಾವ್ಯಾ ಕೌಂಟರ್ ಬಿಟ್ಟು ಈಚೆ ಬಂದಳು. ಮುಖವೆಲ್ಲ ಕೆಂಪು.

"ಕೋಪಾನಾ? ನಂಗೆ ಗೊತ್ತಾಗ್ತಿಲ್ಲ," ಅಂದ ರವೀಶ್.

"ಕೋಪನೇ! ಅಜ್ಜಿಗೆ ಹಾಗೆ ಮಾಡಿದ್ದಕ್ಕೆ ಕೋಪ. ಎಲ್ಲರೆದುರು ಹೇಳಿದ್ದಕ್ಕೆ ನಾಚಿಕೆ. ಎರಡು ವರ್ಷ ಹೇಳದೇ ಇದ್ದಿದ್ದಕ್ಕೆ ಇನ್ನೂ ಕೋಪ."

"ಅವನು ನಗಿಸ್ತಾನೆ. ನಂಗೆ ಬರಲ್ಲ."

"ನಗಿಸಿದ್ರೆ ನಗ್ತೀನಪ್ಪ, ನಂಗೇನು ಹಲ್ಲಿಲ್ವಾ? ಬಸ್ಸು ಹೋದ್ಮೇಲೆ ಅವನು ಎಂಥ ಹೇಳ್ದ ಅಂತ ನೆನಪೂ ಇರಲ್ಲ. ಇವತ್ತು ನಕ್ಕಿದ್ದಂತೂ ಎಂಥ ಹೇಳ್ಬೇಕು ಗೊತ್ತಾಗ್ದೆ." ಅವಳ ದನಿ ಇಳಿಯಿತು. "ನಂಗೆ ತಲೆನೋವು ಬಂದಿದ್ದ ದಿನ, ಒಂದು ಗಂಟೆ ಕೂಗ್ಬೇಡಿ ಅಂತ ಭೂತಪ್ಪಣ್ಣನ ಹತ್ರ ಜಗಳಕ್ಕೆ ನಿಂತಿದ್ರಲ್ಲ ನೀವು. ಅದು ನೆನಪಿದೆ."

"ಭಾನುವಾರ ಅವನು ಬರ್ತಾನೆ."

"ಬರ್ತಾನೆ. ಅಪ್ಪ ಹೂಂ ಅಂದ್ರೆ ಮುಗೀತು. ಅದಕ್ಕೆ ನೀವು ಶನಿವಾರ ಬನ್ನಿ. ಅಮ್ಮನ್ನ ಕರ್ಕೊಂಡು."

"ಶನಿವಾರ ಡ್ಯೂಟಿ ಇದೆ."

ಅವಳ ಮುಖ ಸಣ್ಣದಾಯಿತು. ಸರಕ್ಕನೆ ತಿರುಗಿ ಕೌಂಟರಿಗೆ ಹೋಗಿ, ಯಾವುದೋ ಪಾರ್ಸೆಲ್ಲಿನ ಹಗ್ಗ ಬಿಗಿಯತೊಡಗಿದಳು.

ಐದು ನಿಮಿಷದ ಮೇಲೆ ಅವಳ ಮುಂದೊಂದು ಹಾಳೆ ಬಂತು. ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ರವೀಶ್ ಬರೆದ ಮೊದಲ ರಜೆ ಅರ್ಜಿ. ದಿನ: ಶನಿವಾರ. ಕಾರಣ: ಶ್ರಾವ್ಯಾ ಅವರನ್ನು ಮದುವೆಗೆ ಕೇಳುವುದು. ಕೆಳಗೆ ಒಂದು ಗೆರೆ ಎಳೆದು, ಅವರ ಒಪ್ಪಿಗೆ ಇದ್ದಲ್ಲಿ ಸಹಿ, ಅಂತ ಬರೆದಿದ್ದ.

"ಇದಿಲ್ಲದೆ ಸಾರ್ ಹತ್ರ ಕೊಡಕ್ಕಾಗಲ್ಲ," ಅಂದ, ಓಲೆ ನೋಡದೆ, ಮೊದಲ ಸಲ ಅವಳ ಕಣ್ಣನ್ನೇ ನೋಡುತ್ತ.

ಶ್ರಾವ್ಯಾ ಹಗ್ಗ ಕೆಳಗಿಟ್ಟು, ಅವನ ಜೇಬಿನಿಂದ ಪೆನ್ನು ಎಳೆದುಕೊಂಡು ಸಹಿ ಹಾಕಿದಳು.