ಪೈಲಟ್ ಇಲ್ಲದ ವಿಮಾನ

ಸಂಜೆಯ ಹೊತ್ತು ಮೂಡಿಗೆರೆ ಬಳಿಯ ದೇವರಮನೆಯ ಹುಲ್ಲುಗುಡ್ಡದ ಮೇಲೆ ಯುದ್ಧವಿಮಾನವೊಂದು ಗುಡುಗುತ್ತ ಹಾದುಹೋಯಿತು. ಎಲ್ಲರೂ ತಲೆಯೆತ್ತಿ ನೋಡಿದರು. ಒಬ್ಬ ಮಾತ್ರ ತಲೆ ತಗ್ಗಿಸಿ ನಿಂತಿದ್ದ.

ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಿದ್ದ ಉಪನ್ಯಾಸಕಿ ಶಿಫಾ ಅವನ ಗುರುತು ಹಿಡಿದಳು.

ಸಫ್ದರ್...

ಗೋಣಿಬೀಡಿನಲ್ಲಿ ಶಿಫಾಳ ಅಬ್ಬಾ ಶಂಶುದ್ದೀನರ ಗ್ಯಾರೇಜಿನ ಎದುರು ಮನೆಯೇ ಅವನದು. ಮೂಡಿಗೆರೆಯ ಕಾಲೇಜಿಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಕಿಟಕಿಯಿಂದ ಕಾಫಿ ಹೂವಿನ ಘಮ ಬರುತ್ತಿತ್ತು. ಯಾವ ಜೆಟ್ಟಿಗೆ ಎಷ್ಟು ವೇಗ, ಯಾವುದು ರೇಡಾರಿನ ಕಣ್ಣಿಗೆ ಬೀಳುವುದಿಲ್ಲ ಎಂದು ಅವನು ಹೇಳುತ್ತಲೇ ಇರುತ್ತಿದ್ದ. ಅವಳಿಗೆ ಬೇಕಿದ್ದದ್ದು ವಿಮಾನದ ಕಥೆಯಲ್ಲ, ಅವನ ದನಿ.

ಕೊನೆಯ ವರ್ಷದ ಚರ್ಚಾಸ್ಪರ್ಧೆಯಲ್ಲಿ ಎಲ್ಲವೂ ಕೆಟ್ಟಿತು. ನಾಳಿನ ಆಕಾಶಯುದ್ಧಕ್ಕೆ ಪೈಲಟ್ ಬೇಕೇ ಎಂಬುದು ವಿಷಯ. ಯಂತ್ರಕ್ಕೆ ಗುರಿ ಇಡುವುದು ಗೊತ್ತು, ಕೊನೆಯ ಕ್ಷಣದಲ್ಲಿ ಕೈ ಹಿಂದೆಗೆಯುವುದು ಮನುಷ್ಯನಿಗಷ್ಟೇ ಗೊತ್ತು ಎಂದು ಸಫ್ದರ್ ವಾದಿಸಿದ. ಡ್ರೋನುಗಳು ಹಿಂಡಾಗಿ ಹಾರುವ ಕಾಲಕ್ಕೆ ಪೈಲಟ್ ಎನ್ನುವವನು ವಿಮಾನಕ್ಕೆ ಬರೀ ಭಾರ ಎಂದಳು ಶಿಫಾ. ಸಭೆ ಗೊಳ್ಳೆಂದು ನಕ್ಕಿತು.

ಅದೇ ವಾರ ಅವನು ವಾಯುಪಡೆಗೆ ಆಯ್ಕೆಯಾದ. ಪೈಲಟ್ ಆಗುವ ತನ್ನ ಕನಸನ್ನು ಇವಳು ಗೇಲಿ ಮಾಡಿದಳೆಂದುಕೊಂಡು, ಒಂದು ಮಾತೂ ಹೇಳದೆ ಹೊರಟುಹೋದ.

ವರ್ಷಗಳು ಕಳೆದವು. ಹೋದ ವರ್ಷ ಅವನ ವಿಮಾನ ಬಿತ್ತು. ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರೂ ಬೆನ್ನುಮೂಳೆಗೆ ಪೆಟ್ಟಾಗಿದೆ, ಇನ್ನು ಜೆಟ್ ಹಾರಿಸುವಂತಿಲ್ಲ ಎಂದು ಅವನ ತಾಯಿ ಶಹರ್ ಬಾನು ಹೇಳಿದಾಗ ಶಿಫಾ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಿದ್ದಳು.

ಈಗ ಅವಳು ಮೆಲ್ಲಗೆ ಅವನ ಬಳಿ ಹೋದಳು.

"ಚೆನ್ನಾಗಿದ್ದೀರಾ ಮೇಡಂ?" ಎಂದ ಅವನು.

ಆ 'ಮೇಡಂ' ಅವಳನ್ನು ಚುಚ್ಚಿತು.

ರಜೆಗೆ ಊರಿಗೆ ಬಂದಿದ್ದೇನೆ, ಈಗ ನೆಲದ ಮೇಲೆ ಪರದೆಯ ಮುಂದೆ ಕೂತು ಪೈಲಟ್ ಇಲ್ಲದ ವಿಮಾನ ಹಾರಿಸುತ್ತೇನೆ ಎಂದು ಅವನು ಹೇಳಿದ. ಆಕಾಶದಲ್ಲಿ ಮುಖಾಮುಖಿ ಕಾದಾಡುವ ಕಾಲ ಮುಗಿಯುತ್ತ ಬಂತು, ಇನ್ನು ದೂರದಿಂದ ಶತ್ರುವನ್ನು ಮೊದಲು ಕಂಡವನೇ ಗೆಲ್ಲುತ್ತಾನೆ ಎಂದ.

"ನೀನೇ ಗೆದ್ದೆ ಶಿಫಾ. ಪೈಲಟ್ ಬರೀ ಭಾರ."

"ಗೆಲ್ಲೋಕೆ ಹೇಳಿದ್ದಲ್ಲ ಮಾರಾಯ..." ಎಂದಳು ಅವಳು. "ಖಾಲಿ ವಿಮಾನ ಬಿದ್ರೆ ಕಬ್ಬಿಣ ಹೋಗುತ್ತೆ, ಅಷ್ಟೆ. ನೀನು ಬಿದ್ರೆ ನಾನೇನು ಮಾಡ್ಲಿ ಅಂತ ಭಯ ಆಗಿತ್ತು. ಅದನ್ನ ಹೇಳೋಕೆ ಬರ್ಲಿಲ್ಲ."

ಸಫ್ದರ್ ಕೆಳಗಿನ ಕಣಿವೆಯತ್ತ ತಿರುಗಿದ. ಗಾಳಿಗೆ ಹುಲ್ಲು ಬಾಗಿ ಏಳುತ್ತಿತ್ತು.

"ಆಸ್ಪತ್ರೇಲಿ ದಿನಾ ಬಾಗಿಲು ನೋಡ್ತಿದ್ದೆ... ನೀನು ಬರ್ಲೇ ಇಲ್ಲ."

"ನಾನು ನಿನಗೆ ಯಾರು ಅಂತ ಹೇಳ್ಕೊಂಡು ಬರ್ಲಿ?"

ಅವನು ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ಅದನ್ನ ನಾಳೆ ನಿಮ್ಮ ಅಬ್ಬನ ಹತ್ರ ನಾನೇ ಹೇಳ್ಲಾ?"

ಶಿಫಾ ಕಣ್ಣೊರೆಸಿಕೊಂಡಳು.

"ಅಬ್ಬನಿಗೆ ಈಗ ಕಿವಿ ಮಂದ. ನಾಚ್ಕೊಂಡು ಹೇಳಿದ್ರೆ ಕೇಳ್ಸಲ್ಲ."

"ಜೋರಾಗೇ ಹೇಳ್ತೀನಿ. ಗೋಣಿಬೀಡಿಗೆಲ್ಲ ಕೇಳ್ಲಿ."