ಪಾರಿವಾಳದ ಗೂಡಿನಲ್ಲಿ ನಾಲ್ಕು ಕಮಾನು

೧೯೧೧ರ ಮಾರ್ಚ್ ೧೪, ಮಂಗಳವಾರ. ಬೆಳಗ್ಗೆ ೭.೧೦ಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಪೊಲೀಸ್ ಠಾಣೆಯ ಬಾಗಿಲು ದಡಾರನೆ ತೆರೆಯಿತು. ಬಂದವರು ಗಾಡಿಗಳ ಅಡಿಗೆ ಹಾಕುವ ಕಮಾನು, ಅಂದರೆ ಸ್ಪ್ರಿಂಗು, ತಯಾರಿಸುವ ಕಾರ್ಖಾನೆಯ ಮಾಲೀಕ ಗ್ಲೆಡ್‌ಹಿಲ್.

"ಮೋಟಾರು ಕಾರಿನ ನಾಲ್ಕೂ ಕಮಾನು ಮಾಯ, ಇನ್‌ಸ್ಪೆಕ್ಟರೇ! ಮಧ್ಯಾಹ್ನದ ರೈಲಿನಲ್ಲಿ ಗಿರಾಕಿಗೆ ಕಳಿಸಬೇಕಿತ್ತು!"

ಇನ್‌ಸ್ಪೆಕ್ಟರ್ ಬರ್ಟಲ್ಸ್ ಚಹಾ ಮುಗಿಸಿಯೇ ದೂರು ಬರೆದುಕೊಂಡರು. ಚಹಾದ ವಿಷಯದಲ್ಲಿ ಅವರು ಯಾರಿಗೂ ಜಗ್ಗುವವರಲ್ಲ.

೮.೦೦ಕ್ಕೆ ಸ್ಥಳ ಪರಿಶೀಲನೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದ ಕಮಾನುಗಳಿಗೆ ಭಾರ ಹೇರಿ ಪರೀಕ್ಷಿಸುವ ಕೊಠಡಿ. ಬೀಗ ಮುರಿದಿರಲಿಲ್ಲ. ಮೂಲೆಯಲ್ಲಿ ತಾಮ್ರದ ರಾಶಿ ಹಾಗೇ ಇತ್ತು.

"ತಾಮ್ರ ಬಿಟ್ಟು ಉಕ್ಕು ಹೊತ್ತೋನು ಎಂಥಾ ಕಳ್ಳ ಸಾರ್?" ಎಂದ ಕಾನ್‌ಸ್ಟೇಬಲ್ ಟಾಸ್ಕರ್.

ಇನ್ನೊಂದು ಬೀಗದ ಕೈ ಇದ್ದದ್ದು ನಲವತ್ತೊಂದು ವರ್ಷದಿಂದ ಪರೀಕ್ಷಕನಾಗಿದ್ದ ಎಜ್ರಾ ಸ್ಟ್ಯಾನಿಫೋರ್ತ್ ಬಳಿ.

"ಯಾರು ತಗೊಂಡ್ರು?" ಅಲ್ಲೇ ನಿಂತಿದ್ದ ಅವನನ್ನು ಬರ್ಟಲ್ಸ್ ಕೇಳಿದರು.

"ಹುಡುಕಿ. ಸಂಬಳ ಅದಕ್ಕೇ ತಾನೇ ಕೊಡೋದು?"

ಟಾಸ್ಕರ್ ಕಿಟಕಿಯಾಚೆ, ಊರವರ ಪಾರಿವಾಳದ ಗೂಡುಗಳಿದ್ದ ಗುಡ್ಡದತ್ತ ನೋಡುತ್ತಿದ್ದ. ಅವನೂ ಪಾರಿವಾಳ ಸಾಕಿದವನೇ. "ಇಂಥಾ ಬಿಸಿಲಲ್ಲಿ ಎಲ್ಲರ ಹಕ್ಕಿನೂ ಮೇಲಿದಾವೆ ಸಾರ್. ಎಜ್ರಾ ತಾತಂದು ಮಾತ್ರ ಬಿಟ್ಟಿಲ್ಲ. ಬಿಟ್ಟಿದ್ರೆ ನೋಡೋಕೆ ನಾವೆಲ್ಲ ಗೂಡಿನ ಹತ್ರ ಸೇರ್ತಿದ್ವಿ. ಇವತ್ತು ಅಲ್ಲಿಗೆ ಯಾರೂ ಬರೋದು ಬೇಡ ಅಂತಾನೋ ಏನೋ."

೧೦.೩೦ಕ್ಕೆ ಎಜ್ರಾನ ಗೂಡಿನ ನೆಲದ ಹಲಗೆ ಎಬ್ಬಿಸಿ ಪಂಚನಾಮೆ ಮಾಡಿದರು. ನಾಲ್ಕೂ ಕಮಾನು ಅಲ್ಲಿದ್ದವು, ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿ ಗೋಣಿಯಲ್ಲಿ ಸುತ್ತಿಡಲಾಗಿತ್ತು. ಕದ್ದ ಮಾಲಿಗೆ ಇಷ್ಟು ಉಪಚಾರ ಮಾಡಿದವನನ್ನು ಬರ್ಟಲ್ಸ್ ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ.

"ಯಾಕೆ ಎಜ್ರಾ?"

"ಯಜಮಾನ್ರು ಪರೀಕ್ಷೆಗೆ ಕೊಟ್ಟ ತೂಕ ಬರೀ ಗಾಡಿಯ ಚೌಕಟ್ಟಿಂದು. ಮೇಲೆ ಕೂರಿಸೋ ಮೈಕಟ್ಟು, ಆರು ಜನ, ಯಾವುದೂ ಲೆಕ್ಕಕ್ಕಿಲ್ಲ. ಪಾಸಾಯ್ತು ಅನ್ನೋ ಮುದ್ರೆ ಒತ್ತಲ್ಲ ಅಂದೆ. ನನ್ನ ಮುದ್ರೆ ಉಳಿ ಕಿತ್ಕೊಂಡು ಅವರೇ ಒತ್ತಿಬಿಟ್ರು."

"ಗಿರಾಕಿ ಬರೆದ ತೂಕ ಕಣಯ್ಯಾ ಅದು!" ಜೊತೆಗೆ ಬಂದಿದ್ದ ಗ್ಲೆಡ್‌ಹಿಲ್ ಸಿಡುಕಿದರು.

ಬರ್ಟಲ್ಸ್ ಎಲ್ಲರನ್ನೂ ಕಾರ್ಖಾನೆಗೆ ಕರೆತಂದು ಒಂದು ಕಮಾನನ್ನು ಪರೀಕ್ಷೆಗೆ ಏರಿಸಿದರು. ಕಾಗದದಲ್ಲಿದ್ದ ಭಾರವನ್ನು ಅದು ಸಲೀಸಾಗಿ ಹೊತ್ತಿತು. ಮೈಕಟ್ಟಿನ ಪಾಲು ಹೇರಿದಾಗ ಚಪ್ಪಟೆಯಾಯಿತು. ಜನರ ಪಾಲಿನ ಮೊದಲ ತೂಕದ ಗುಂಡು ಇಟ್ಟೊಡನೆ ಮುಖ್ಯ ಪಟ್ಟಿ ಫಳ್ ಎಂದು ಎರಡಾಯಿತು. ಗ್ಲೆಡ್‌ಹಿಲ್ ಟೋಪಿ ತೆಗೆದರು.

"ದೂರು ವಾಪಸ್ ತಗೋತೀನಿ."

"ಅದನ್ನ ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿ. ಕದ್ದದ್ದಂತೂ ಹೌದಲ್ಲ."

ಮಧ್ಯಾಹ್ನ ೧೨.೧೫ಕ್ಕೆ ಬಂಧನ ದಾಖಲಾಯಿತು. ಕಾರಣದ ಕಡೆ ಬರ್ಟಲ್ಸ್ ಎಜ್ರಾ ಹೇಳಿದ್ದನ್ನೇ ಬರೆದರು: 'ನನ್ನ ಮುದ್ರೆ ನಂಬಿ ಕೂತವರು ಹಳ್ಳಕ್ಕೆ ಬೀಳಬಾರದು.'

ಲಾಕಪ್ಪಿನಿಂದ ಎಜ್ರಾ ಕೂಗಿದ. "ಟಾಸ್ಕರ್, ನನ್ನ ಹಕ್ಕಿ ಬಿಡೋ ಮಾರಾಯ!"

ಒಂದು ಗಂಟೆಗೆ ಹಕ್ಕಿಗಳು ಗುಡ್ಡದ ಮೇಲೆ ಸುತ್ತತೊಡಗಿದವು. ಅದೇ ಹೊತ್ತಿಗೆ ಗ್ಲೆಡ್‌ಹಿಲ್ ಆ ಮುದ್ರೆ ಉಳಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಸರಳಿನ ಸಂದಿಯಿಂದ ಎಜ್ರಾನ ಕೈಗೆ ಕೊಟ್ಟರು. ಲಾಕಪ್ಪಿನೊಳಗೆ ಆಯುಧ ಹೋಗುವಂತಿಲ್ಲ. ಬರ್ಟಲ್ಸ್ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಳ್ಳುವ ನೆಪದಲ್ಲಿ ಅತ್ತ ತಿರುಗಿ ನಿಂತರು.