ಸೊರಬದಲ್ಲಿ ಇಳಿಯದ ತೂಬು

“ರೀ ಮಂಗಳಾ, ನಿಮ್ಮ ತೂಬು ನಮ್ಮ ಲ್ಯಾಬಲ್ಲಿ ಇನ್‌ಸ್ಟಾಲ್ ಆಗ್ತಾನೇ ಇಲ್ಲ ಮಾರಾಯ್ರೆ!”

ಫೋನಿನಲ್ಲಿ ಹರ್ಷವರ್ಧನನ ದನಿ ಕೇಳಿ ಸರ್ವಮಂಗಳಳ ಹೊಟ್ಟೆ ತಣ್ಣಗಾಯಿತು. ಈ ಕರೆಗಾಗಿಯೇ ಅವಳು ಕಾದಿದ್ದಳು.

“ಯಾರ ತೂಬು?”

“ನಿಮ್ಮದೇ.”

“ಹೌದಾ? ಫೋನಲ್ಲಿ ನಂದು, ಸಭೇಲಿ ನಿಮ್ದು.”



ತೂಬು ಎಂದರೆ ಅಂಬ್ಲಿಗೊಳ ಜಲಾಶಯದಲ್ಲಿ ನೀರು ಬಿಡುವ ತೂಬಲ್ಲ. ಕಾಲುವೆಯಲ್ಲಿ ನೀರು ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಒಳಗೆ ಬರೆದದ್ದನ್ನು ಓದಬಹುದು, ತಿದ್ದಬಹುದು. ಶಿಕಾರಿಪುರದ ಕಾಲೇಜಿನಲ್ಲಿ ಗಣಿತ ಕಲಿಸುವ ಮಂಗಳಾ ಅದರ ಲೆಕ್ಕವನ್ನೆಲ್ಲ ಬರೆದಿದ್ದಳು. ಸೊರಬದ ಕಾಲೇಜಿನ ಹರ್ಷ ಅದನ್ನು ಕಂಪ್ಯೂಟರಿಗೆ ಇಳಿಸುವ ಭಾಗವನ್ನಷ್ಟೇ ಬರೆದಿದ್ದ. ಬರೆಯುತ್ತ, ಜಗಳವಾಡುತ್ತ ಅವಳಿಗೆ ಅವನ ಮೇಲೆ ಮನಸ್ಸಾಗಿತ್ತು.

ಅದನ್ನು ಹೇಳಿಬಿಡಬೇಕೆಂದೇ ಅವಳು ಸೊರಬದ ಕಾಲೇಜಿನಲ್ಲಿ ತೂಬಿನ ಕಾರ್ಯಾಗಾರ ನಡೆದ ದಿನ ಹಸಿರು ಸೀರೆ ಉಟ್ಟು ಹೋಗಿದ್ದಳು. ಅಂದು ಅಲ್ಲಿನ ಪ್ರಿನ್ಸಿಪಾಲ್ ಸದಾಶಿವಪ್ಪನವರು ತುಂಬಿದ ಸಭೆಯಲ್ಲಿ ಕೇಳಿದರು: “ಇದನ್ನ ಬರ್ದೋರು ಯಾರಪ್ಪಾ?”

“ನಾನೇ ಸರ್,” ಎಂದ ಹರ್ಷ. ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಮಂಗಳಾ ಕೆಂಡವಾದಳು.

ಅವತ್ತೇ ನಿಶ್ಚಯಿಸಿದಳು. ಹಳೆಯ ಆವೃತ್ತಿಯಲ್ಲಿ ಒಂದು ಲೆಕ್ಕ ತಪ್ಪುತ್ತಿತ್ತು. ಅದನ್ನು ಸರಿಪಡಿಸಿ ಹೊಸದನ್ನು ಬಿಡುಗಡೆ ಮಾಡುವಾಗ, ಲೆಕ್ಕದ ಭಾಗವನ್ನು ಬೇಕೆಂತಲೇ ಹೊಸ ಕಂಪ್ಯೂಟರುಗಳಿಗೆ ಮಾತ್ರ ಒಗ್ಗುವ ಹಾಗೆ ಬರೆದಳು. ಸೊರಬದ ಲ್ಯಾಬಿನಲ್ಲಿ ಇದ್ದವೆಲ್ಲ ಮುದಿ ಯಂತ್ರಗಳು.

“ಸೋಮವಾರ ಹುಡುಗರಿಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ ಕಣ್ರೀ,” ಹರ್ಷ ಗೋಗರೆದ.

“ಅದಕ್ಕೇನಂತೆ? ತಿದ್ಕೊಳ್ರಿ. ಎಲ್ಲಾ ತೆರೆದೇ ಇಟ್ಟೀನಿ. ಬರ್ದೋರು ನೀವೇ ಅಲ್ವಾ?”

ಫೋನಿಟ್ಟು ಮನಸಾರೆ ನಕ್ಕಳು. ನಗು ಮುಗಿದ ಮೇಲೆ ಯಾಕೋ ಅಳು ಬಂತು.

ಶನಿವಾರ ಅವನ ಸೋಲನ್ನು ಕಣ್ಣಾರೆ ನೋಡಲೆಂದು ಅದೇ ಹಸಿರು ಸೀರೆಯುಟ್ಟು ಸೊರಬದ ಬಸ್ಸು ಹತ್ತಿದಳು. ಲ್ಯಾಬಿನ ಬಾಗಿಲಲ್ಲಿ ಅವಳ ಕಾಲು ತಾನಾಗಿಯೇ ನಿಂತಿತು. ಹರ್ಷ ಅವಳಿಗೆ ಬೆನ್ನು ಹಾಕಿ ವಿದ್ಯಾರ್ಥಿಗಳೆದುರು ನಿಂತಿದ್ದ.

“ಇದನ್ನ ತಿದ್ದೋಕೆ ನಂಗೆ ಬರಲ್ಲ. ಲೆಕ್ಕ ಬರ್ದಿದ್ದು ಶಿಕಾರಿಪುರದ ಸರ್ವಮಂಗಳಾ ಮೇಡಂ. ಅವತ್ತು ಸಭೇಲಿ ನಾನು ಸುಳ್ಳು ಹೇಳಿದೆ. ಹೊಗಳಿಕೆ ರುಚಿ ಅನ್ನಿಸ್ತು. ಬೆಳಿಗ್ಗೆ ಸದಾಶಿವಪ್ಪ ಸರ್‌ಗೂ ಫೋನ್ ಮಾಡಿ ಹೇಳಿದೀನಿ.”

“ಹಂಗಾದ್ರೆ ನೀವೇನ್ ಬರ್ದಿದ್ದು ಸಾರ್?” ಮುಂದಿನ ಬೆಂಚಿನ ಶ್ರೀಲತಾ ಕೇಳಿದಳು.

“ಇನ್‌ಸ್ಟಾಲ್ ಮಾಡೋದು.”

ಲ್ಯಾಬೆಲ್ಲ ನಕ್ಕಿತು. ತಿರುಗಿದವನು ಮಂಗಳಳನ್ನು ಕಂಡ. ಅವನ ಕಣ್ಣು ಹಸಿರು ಸೀರೆಯ ಮೇಲೆ ಒಂದು ಕ್ಷಣ ನಿಂತು, ನಾಚಿ ಕೆಳಗಿಳಿಯಿತು. ಅವಳು ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟಳು.

“ಹಳೇ ಕಂಪ್ಯೂಟರಿಗೆ ಆಗೋದು.”

“ಮೊದ್ಲೇ ಮಾಡಿಟ್ಟಿದ್ರಾ?”

“ಹುಡುಗ್ರು ಏನ್ ಪಾಪ ಮಾಡ್ಯಾರೆ? ಕೊಟ್ಟೇ ಹೋಗ್ತಿದ್ದೆ. ನೀವು ನಿಜ ಹೇಳದಿದ್ರೆ ನಿಮ್ಮ ಮುಖ ಮಾತ್ರ ಇನ್ನೊಂದ್ಸಲ ನೋಡ್ತಿರ್ಲಿಲ್ಲ.” ಅವನ ಕುರ್ಚಿ ಎಳೆದು ಕೂತಳು. “ಹಚ್ಚಿ. ಪರದೆ ಮೇಲೆ ಬರ್ದೋರ ಹೆಸರು ಬರ್ತದೆ, ಗಟ್ಟಿಯಾಗಿ ಓದಿ. ಒಂದೊಂದು ಕಂಪ್ಯೂಟರಿಗೂ.”

ಅವನು ಮೊದಲ ಯಂತ್ರಕ್ಕೆ ಹಚ್ಚಿದ. “ಲೆಕ್ಕ: ಸರ್ವಮಂಗಳಾ...” ಅಷ್ಟಕ್ಕೇ ನಿಲ್ಲಿಸಿ ಪರದೆಯತ್ತ ಬಗ್ಗಿದ. ಕೆಳಗೆ ಅವನ ಹೆಸರೂ ಇತ್ತು.

“ನನ್ನದ್ಯಾಕೆ ಹಾಕಿದ್ರಿ?”

“ಕೆಲಸ ಮಾಡೀರಲ್ಲ. ನಾನು ನಿಮ್ಮಂಥೋಳಲ್ಲ.”

ಆ ಮಾತು ಅವನಿಗೆ ಸರಿಯಾಗಿಯೇ ನಾಟಿತು. ಕಣ್ಣು ತುಂಬಿಕೊಂಡು ಮೆಲ್ಲಗೆ ಎಂದ: “ನಿಮ್ಮನ್ನ ಭಾಳ ಇಷ್ಟಪಡ್ತೀನಿ ರೀ. ಆ ಸುಳ್ಳಿಗಿಂತ ಮೊದ್ಲಿಂದ.”

“ಪೂರ್ತಿ ಓದಿ,” ಎಂದಳು ಮಂಗಳಾ. ಅವಳ ಕಿವಿ ಕೆಂಪಾಗಿತ್ತು.

“ಲೆಕ್ಕ: ಸರ್ವಮಂಗಳಾ. ಇನ್‌ಸ್ಟಾಲ್: ಹರ್ಷವರ್ಧನ.”

“ಲಗ್ನಪತ್ರಿಕೆ ಓದ್ದಂಗಾತು ಮೇಡಂ!” ಎಂದಳು ಶ್ರೀಲತಾ.

ಮಂಗಳಾ ಅವಳನ್ನು ಗದರಿಸಲಿಲ್ಲ. ಹರ್ಷನ ಕಡೆ ನೋಡಿ, “ಕೇಳಿಸ್ಲಿಲ್ಲ. ಮುಂದಿನದಕ್ಕೆ ಇನ್ನೂ ಗಟ್ಟಿಯಾಗಿ,” ಎಂದಳು.